ಹಳೆ ಥಿಂಕ್‌ಪ್ಯಾಡ್ ಟಿ480: ಕಾಸರಗೋಡಿನಲ್ಲೇ ರಿಪೇರಿ ಆಗುವ ಲ್ಯಾಪ್‌ಟಾಪ್

ಮೊದಲೇ ಹೇಳಿಬಿಡುತ್ತೇನೆ. ನೀವು ಕಾಸರಗೋಡು, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರು, ದಿನವಿಡೀ ಟೈಪ್ ಮಾಡುವ ಕೆಲಸ, ಕೈಯಲ್ಲಿರುವುದು 20 ಸಾವಿರದ ಒಳಗೆ ಅಂತಾದರೆ ಹೊಸ ಲ್ಯಾಪ್‌ಟಾಪ್ ಯೋಚನೆ ಬಿಡಿ. ಒಳ್ಳೆ ಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಲೆನೊವೊ ಥಿಂಕ್‌ಪ್ಯಾಡ್ ಟಿ480 ತಗೊಳ್ಳಿ. ನಾನು ತಗೊಂಡದ್ದು ಹೊಸ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಅಂಗಡಿಯಿಂದ, 18 ಸಾವಿರಕ್ಕೆ. 8ನೇ ತಲೆಮಾರಿನ ಇಂಟೆಲ್ ಐ5, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಫುಲ್ ಎಚ್‌ಡಿ ಸ್ಕ್ರೀನ್. ಬದಿಯಡ್ಕದಲ್ಲಿ ನನ್ನದು ಡಿಟಿಪಿ ಕೆಲಸ. ಆಮಂತ್ರಣ ಪತ್ರಿಕೆ, ಯಕ್ಷಗಾನದ ನೋಟೀಸು, ಶಾಲೆಯ ವಾರ್ಷಿಕೋತ್ಸವದ ಪುಸ್ತಿಕೆ, ಕನ್ನಡದಲ್ಲೂ ಮಲಯಾಳದಲ್ಲೂ ಅರ್ಜಿಗಳು, ಹೀಗೆ.

ಇದರ ಮೊದಲು ನನ್ನ ಹತ್ತಿರ ಇದ್ದದ್ದು ಒಂದು ಹೊಸ, ತೆಳು, ನೋಡಲು ಬಹಳ ಚಂದದ ಲ್ಯಾಪ್‌ಟಾಪ್. ಕಂಪನಿ ಹೆಸರು ಬೇಡ. ವಾರಂಟಿ ಮುಗಿದ ಮೇಲೆ ಕೀಬೋರ್ಡಿನ ಒಂದು ಸಾಲು ಕೈಕೊಟ್ಟಿತು. ಬ್ರಹ್ಮಕಲಶೋತ್ಸವದ ಸೀಸನ್ನು, ಕೆಲಸ ಸಾಲುಗಟ್ಟಿ ನಿಂತಿತ್ತು. ಮಂಗಳೂರಿನ ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋದರೆ, ಕೀಬೋರ್ಡ್ ಮಾತ್ರ ಬದಲಿಸಲು ಆಗುವುದಿಲ್ಲ, ಮೇಲಿನ ಭಾಗ ಇಡೀ ಹೊಸದು ಹಾಕಬೇಕು, ಪಾರ್ಟ್ ಬರಲಿಕ್ಕೆ ಎಷ್ಟು ದಿನ ಅಂತ ಹೇಳಲು ಬರುವುದಿಲ್ಲ ಅಂದರು. ರ‍್ಯಾಮ್ ಆದರೂ ಜಾಸ್ತಿ ಮಾಡೋಣ ಅಂದರೆ ಅದನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ನಮ್ಮ ಊರಿನ ರಿಪೇರಿಯವರು ಬುದ್ಧಿವಂತರು, ಆದರೆ ಬಿಚ್ಚಲಿಕ್ಕೇ ಆಗದ ಯಂತ್ರದ ಎದುರು ಅವರಾದರೂ ಎಂತ ಮಾಡುವುದು?

ಆವತ್ತಿನಿಂದ ನಾನು ಲ್ಯಾಪ್‌ಟಾಪ್ ನೋಡುವ ರೀತಿಯೇ ಬೇರೆಯಾಯಿತು. ಯಾವ ಕಂಪನಿಯ ಯಜಮಾನರು ಏನು ತೀರ್ಮಾನ ತಗೊಂಡರು ಅನ್ನುವುದು ಪೇಪರಿನ ವಾಣಿಜ್ಯ ಪುಟದ ಸುದ್ದಿ ಅಂತ ನಾವು ಮಗುಚಿ ಹಾಕುತ್ತೇವೆ. ಆ ತೀರ್ಮಾನಗಳೆಲ್ಲ ಕಡೆಗೆ ಬಂದು ಬೀಳುವುದು ನಮ್ಮೂರ ರಿಪೇರಿ ಮೇಜಿನ ಮೇಲೆ. ಹಾಗಾಗಿ ಈ ರಿವ್ಯೂನಲ್ಲಿ ಸ್ಕ್ರೀನು, ಬ್ಯಾಟರಿ ಜೊತೆಗೆ ಅದನ್ನೂ ಬರೆಯುತ್ತೇನೆ. ಅದಿಲ್ಲದೆ ಈ ಲ್ಯಾಪ್‌ಟಾಪ್ ಯಾಕೆ ಒಳ್ಳೆಯದು ಅಂತ ಹೇಳಲಿಕ್ಕೆ ಆಗುವುದಿಲ್ಲ.

ಅಂಗಡಿಯಲ್ಲಿ ನಾನು ಮೊದಲು ಕೇಳಿದ್ದು ಒಂದೇ, ನನ್ನ ಕಣ್ಣೆದುರೇ ಬಿಚ್ಚಿ ತೋರಿಸುತ್ತೀರಾ ಅಂತ. "ಅದಕ್ಕೇನು ಅಣ್ಣಾ, ನೋಡಿಯೇ ತಗೊಳ್ಳಿ" ಅಂದ ಹುಡುಗ. ಮೊದಲು ಬಯಾಸ್‌ಗೆ, ಅಂದರೆ ಯಂತ್ರ ಆನ್ ಆಗುವಾಗ ಎಲ್ಲಕ್ಕಿಂತ ಮೊದಲು ಓಡುವ ಮೂಲ ಪ್ರೋಗ್ರಾಮಿಗೆ, ಹೋಗಿ ಒಳಗಿನ ಬ್ಯಾಟರಿ ಆಫ್ ಮಾಡಿದ. ಹಿಂದಿನ ಬ್ಯಾಟರಿ ಎಳೆದು ತೆಗೆದ. ಲ್ಯಾಪ್‌ಟಾಪ್ ಕವುಚಿ ಹಾಕಿ ಅಡಿಯ ಆರು ಸ್ಕ್ರೂ ಸಡಿಲಿಸಿದ. ಆ ಸ್ಕ್ರೂಗಳು ಮುಚ್ಚಳದಲ್ಲೇ ಕಚ್ಚಿಕೊಂಡು ನಿಲ್ಲುತ್ತವೆ, ಕೆಳಗೆ ಬಿದ್ದು ಕಳೆದುಹೋಗುವ ಮಾತೇ ಇಲ್ಲ. ಒಂದು ಹಳೆ ಎಟಿಎಂ ಕಾರ್ಡ್ ತೂರಿಸಿ ಅಂಚು ಎಬ್ಬಿಸಿದ, ಟಕ್ ಟಕ್ ಅಂತ ಕ್ಲಿಪ್ಪುಗಳು ಬಿಟ್ಟುಕೊಂಡವು. ಒಳಗೆ ಎಲ್ಲ ಕಣ್ಣಿಗೆ ಕಾಣುವ ಹಾಗಿದೆ: ಎರಡು ರ‍್ಯಾಮ್ ಸ್ಲಾಟ್, ಬಿಚ್ಚಿ ತೆಗೆಯಬಹುದಾದ ಎಸ್‌ಎಸ್‌ಡಿ, ವೈಫೈ ಕಾರ್ಡು, ಫ್ಯಾನು. ಕೀಬೋರ್ಡ್ ಬೇರೆ ಹಾಕಬೇಕಾದರೆ ಇದೇ ಬದಿಯಿಂದ ಎರಡು ಸ್ಕ್ರೂ ಸಡಿಲಿಸಿ ಮೇಲಿನಿಂದ ಜಾರಿಸಿ ತೆಗೆದರಾಯಿತು. ಇದಕ್ಕೆ ಮಂಗಳೂರೂ ಬೇಡ, ಕಣ್ಣೂರೂ ಬೇಡ.

ಬಿಚ್ಚಿ ಜೋಡಿಸುವುದು ಹೇಗೆ ಅಂತ ಒಂದೊಂದು ಸ್ಕ್ರೂ ಸಮೇತ ತೋರಿಸುವ ಮ್ಯಾನುಯಲ್ ಇದೆ, ಕಂಪನಿಯೇ ಬಿಟ್ಟಿಯಾಗಿ ಕೊಡುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಈ ಪದ್ಧತಿಯ ಬೇರು ಹುಡುಕಿದರೆ 1981ಕ್ಕೆ ಹೋಗಬೇಕು. ಆ ವರ್ಷ ಆಗಸ್ಟ್ 12ರಂದು ಅಮೆರಿಕದ ಐಬಿಎಂ, ಮುಂದೆ ಥಿಂಕ್‌ಪ್ಯಾಡನ್ನು ಮೊದಲು ತಂದ ಕಂಪನಿ, ತನ್ನ ಪಿಸಿಯನ್ನು ಜನರ ಮುಂದಿಟ್ಟಿತು. ಅದನ್ನು ಮಾಡಿಸಿದವರು ಡಾನ್ ಎಸ್ಟ್ರಿಜ್. ಕಂಪನಿಯ ಮುಖ್ಯ ಕಚೇರಿಯಿಂದ ದೂರ, ಫ್ಲೋರಿಡಾದ ಬೋಕಾ ರಾಟನ್‌ನಲ್ಲಿ ಒಂದು ಸಣ್ಣ ತಂಡ ಕಟ್ಟಿಕೊಂಡು, ಸುಮಾರು ಒಂದು ವರ್ಷದಲ್ಲಿ ಕೆಲಸ ಮುಗಿಸಿದರು. ಐಬಿಎಂನಂಥ ಕಂಪನಿಯಲ್ಲಿ ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳುವುದು ವಾಡಿಕೆ. ಎಸ್ಟ್ರಿಜ್ ತಂಡ ಹಾಗೆ ಮಾಡಲಿಲ್ಲ. ಪ್ರೊಸೆಸರ್ ಇಂಟೆಲ್‌ನಿಂದ, ಯಂತ್ರ ನಡೆಸುವ ಡಾಸ್ ಸಾಫ್ಟ್‌ವೇರು ಮೈಕ್ರೋಸಾಫ್ಟಿನಿಂದ, ಉಳಿದದ್ದರಲ್ಲಿ ಹೆಚ್ಚಿನದು ಮಾರ್ಕೆಟ್ಟಿನಲ್ಲಿ ಸಿಗುವ ಪಾರ್ಟುಗಳು. ಬೇರೆಯವರು ಕಾರ್ಡ್ ಮಾಡಿ ಸಿಕ್ಕಿಸಲಿ ಅಂತ ಖಾಲಿ ಸ್ಲಾಟುಗಳನ್ನು ಬಿಟ್ಟರು. ಅಷ್ಟೇ ಅಲ್ಲ, ಸರ್ಕ್ಯೂಟ್ ನಕ್ಷೆ, ಬಯಾಸಿನ ಕೋಡು, ಎಲ್ಲವನ್ನೂ ಮ್ಯಾನುಯಲ್ಲಿನಲ್ಲಿ ಅಚ್ಚು ಹಾಕಿ ಮಾರಿದರು!

ಇದರಿಂದ ಐಬಿಎಂಗೆ ನಷ್ಟ ಆಯಿತು ಅಂತ ಹೇಳುವವರು ತುಂಬಾ ಜನ. ಅದರಲ್ಲಿ ಸುಳ್ಳೇನೂ ಇಲ್ಲ. ಮೈಕ್ರೋಸಾಫ್ಟ್ ಅದೇ ಡಾಸನ್ನು ಬೇರೆಯವರಿಗೂ ಮಾರುವ ಹಕ್ಕು ಇಟ್ಟುಕೊಂಡಿತ್ತು. 1982ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಬಂದ ಮೂವರು, ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮರ್ಟೋ, ಹ್ಯೂಸ್ಟನ್ನಿನಲ್ಲಿ ಕಾಂಪ್ಯಾಕ್ ಶುರು ಮಾಡಿದರು. ಐಬಿಎಂನ ಬಯಾಸ್ ಕೋಡನ್ನು ಕಣ್ಣಲ್ಲೂ ನೋಡದ ಎಂಜಿನಿಯರುಗಳನ್ನು ಕೂರಿಸಿ, ಅದು ಮಾಡುವ ಕೆಲಸವನ್ನೇ ಮಾಡುವ ಹೊಸ ಬಯಾಸ್ ಬರೆಸಿದರು. ಹಾಗಾಗಿ ಕಾನೂನಿನ ತಕರಾರೂ ಇಲ್ಲ. 1983ರಲ್ಲಿ ಮಾರಾಟಕ್ಕೆ ಬಂದ ಅವರ ಪೋರ್ಟೆಬಲ್ ಪಿಸಿ ಮೊದಲ ವರ್ಷವೇ 11 ಕೋಟಿ ಡಾಲರಿಗಿಂತ ಜಾಸ್ತಿ ವ್ಯಾಪಾರ ಮಾಡಿತು. 1986ರಲ್ಲಿ ಇಂಟೆಲ್ಲಿನ 386 ಚಿಪ್ ಇರುವ ಪಿಸಿಯನ್ನು ಐಬಿಎಂಗಿಂತ ಮೊದಲೇ ತಂದು ನಿಲ್ಲಿಸಿದರು.

ಆಗ ಐಬಿಎಂ ಏನು ಮಾಡಿತು? ಬಾಗಿಲು ಮುಚ್ಚಲು ಹೊರಟಿತು. 1987ರಲ್ಲಿ ಪಿಎಸ್/2 ಅಂತ ಹೊಸ ಸಾಲು, ಒಳಗೆ ಮೈಕ್ರೋ ಚಾನೆಲ್ ಅನ್ನುವ ಹೊಸ ಸ್ಲಾಟು. ಹಳೆ ಕಾರ್ಡುಗಳು ಅದಕ್ಕೆ ಕೂರುವುದಿಲ್ಲ. ಅದೇ ಥರ ಮಾಡಬೇಕು ಅನ್ನುವವರು ರಾಯಲ್ಟಿ ಕೊಡಬೇಕು. ಮರು ವರ್ಷ ಕಾಂಪ್ಯಾಕ್ ಮುಂದಾಳತ್ವದಲ್ಲಿ ಒಂಬತ್ತು ಕಂಪನಿಗಳು ಒಟ್ಟು ಸೇರಿ, ಹಳೆ ಕಾರ್ಡುಗಳೂ ಕೂರುವ ಬೇರೆ ಸ್ಲಾಟನ್ನೇ ತಂದವು. ದುಡ್ಡು ಕೊಟ್ಟು ಕಾರ್ಡ್ ತಗೊಂಡಿದ್ದ ಗಿರಾಕಿ ಐಬಿಎಂ ಕಡೆಗೆ ಹೋಗಲಿಲ್ಲ. ನನ್ನ ಪ್ರಕಾರ ಐಬಿಎಂ ಎಡವಿದ್ದು 1981ರಲ್ಲಿ ತೆರೆದಿಟ್ಟದ್ದಕ್ಕಲ್ಲ, 1987ರಲ್ಲಿ ಮುಚ್ಚಲು ಹೋದದ್ದಕ್ಕೆ. ತೆರೆದಿಟ್ಟದ್ದರಿಂದಲೇ ಪಿಸಿ ಅನ್ನುವುದು ಊರೂರಿಗೆ ಹೋಯಿತು. ಬಿಡಿ ಪಾರ್ಟು ತಂದು ಜೋಡಿಸಿ ಮಾರುವ ಅಂಗಡಿಗಳು ಕಾಸರಗೋಡಿನಂಥ ಪೇಟೆಯಲ್ಲೂ ಹುಟ್ಟಿಕೊಂಡವು. ನಾನು ಕೆಲಸ ಕಲಿತದ್ದೇ ಅಂಥ ಒಂದು ಅಸೆಂಬಲ್ಡ್ ಪಿಸಿಯಲ್ಲಿ.

ಇನ್ನು ಕೀಬೋರ್ಡು. ಥಿಂಕ್‌ಪ್ಯಾಡ್ ತಗೊಳ್ಳಲು ಇದೊಂದೇ ಕಾರಣ ಸಾಕು. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಕೆ.ಪಿ. ರಾಯರ ಕೀಬೋರ್ಡ್ ವಿನ್ಯಾಸದಲ್ಲಿ ಟೈಪ್ ಮಾಡುವವರಿಗೆ ಗೊತ್ತು, ಒತ್ತಕ್ಷರ ಬರಬೇಕಾದರೆ ಎಫ್ ಕೀ ಒತ್ತಬೇಕು. ಕನ್ನಡದಲ್ಲಿ ಒತ್ತಕ್ಷರ ಇಲ್ಲದ ಸಾಲು ಎಲ್ಲಿದೆ? ಆಮಂತ್ರಣ ಪತ್ರಿಕೆಯಲ್ಲಂತೂ ಶ್ರೀ, ಕ್ಷೇತ್ರ, ಬ್ರಹ್ಮಶ್ರೀ, ತಂತ್ರಿಗಳು ಅಂತ ಒಂದರ ಹಿಂದೆ ಒಂದು. ನನ್ನ ಹಳೆ ಲ್ಯಾಪ್‌ಟಾಪಿನಲ್ಲಿ ಎಫ್ ಕೀ ಅಕ್ಷರ ಅಳಿಸಿ ಬೋಳಾಗಿತ್ತು, ಒತ್ತಿದರೆ ಕೆಲವು ಸಲ ಬೀಳುತ್ತಲೇ ಇರಲಿಲ್ಲ. ಟಿ480ರಲ್ಲಿ ಕೀ ಸ್ವಲ್ಪ ಆಳಕ್ಕೆ ಇಳಿಯುತ್ತದೆ, ಬೆರಳ ತುದಿಗೆ ಸರಿಯಾಗಿ ಗುಳಿ ಇದೆ, ಒತ್ತಿದ್ದು ಬಿತ್ತು ಅಂತ ಬೆರಳಿಗೇ ಗೊತ್ತಾಗುತ್ತದೆ. ಎಷ್ಟು ಹೊತ್ತು ಹೊಡೆದರೂ ಕೈ ನೋಯುವುದಿಲ್ಲ. ನೀರು ಚೆಲ್ಲಿದರೆ ಕೆಳಗೆ ಹರಿದುಹೋಗಲು ದಾರಿಯನ್ನೂ ಇಟ್ಟಿದ್ದಾರೆ. ನಡುವೆ ಇರುವ ಕೆಂಪು ಗುಂಡಿ ರೂಢಿಯಾದರೆ ಮೌಸಿಗೆ ಕೈ ಹೋಗುವುದೇ ಕಮ್ಮಿ.

ಈ ಕೆಂಪು ಗುಂಡಿ ಮತ್ತು ಕಪ್ಪು ಪೆಟ್ಟಿಗೆಯ ರೂಪ 1992ರಿಂದ ಇದೆ. ಆಗ ಥಿಂಕ್‌ಪ್ಯಾಡ್ ಐಬಿಎಂನದ್ದು. ರೂಪ ಕೊಟ್ಟವರು ಜರ್ಮನಿಯ ರಿಚರ್ಡ್ ಸ್ಯಾಪರ್. ಯಂತ್ರ ಕಟ್ಟಿದ್ದು ಜಪಾನಿನ ಯಮಾಟೊ ಲ್ಯಾಬಿನಲ್ಲಿ, ಅರಿಮಾಸ ನೈಟೊ ಅವರ ತಂಡ. 2004ರ ಡಿಸೆಂಬರಿನಲ್ಲಿ ಐಬಿಎಂ ತನ್ನ ಪಿಸಿ ವಿಭಾಗವನ್ನೇ ಚೀನಾದ ಲೆನೊವೊಗೆ ಮಾರುವುದಾಗಿ ಹೇಳಿದಾಗ ಎಷ್ಟೋ ಜನ ಇನ್ನು ಥಿಂಕ್‌ಪ್ಯಾಡ್ ಕಥೆ ಮುಗಿಯಿತು ಅಂದುಕೊಂಡಿದ್ದರು. ಬೆಲೆ 125 ಕೋಟಿ ಡಾಲರ್, ಅದರ ಮೇಲೆ 50 ಕೋಟಿಯ ಸಾಲ ಬಾಕಿ. ತನಗಿಂತ ಎಷ್ಟೋ ದೊಡ್ಡ ವಹಿವಾಟನ್ನು ಕೊಂಡ ಕಂಪನಿ ಅದು. 1984ರಲ್ಲಿ ಲಿಯು ಚುವಾನ್‌ಝಿ ಬೀಜಿಂಗಿನಲ್ಲಿ ಚೀನಾದ ವಿಜ್ಞಾನ ಅಕಾಡೆಮಿ ಕೊಟ್ಟ 2 ಲಕ್ಷ ಯುವಾನಿನಲ್ಲಿ ಶುರು ಮಾಡಿದ್ದು.

ಲೆನೊವೊದವರು ಇಲ್ಲಿ ಮಾಡಿದ ಕೆಲಸ ನನಗೆ ನಿಜಕ್ಕೂ ಇಷ್ಟ. ದುಡ್ಡು ಕೊಟ್ಟು ಕೊಂಡವರು ಸಾಮಾನ್ಯವಾಗಿ ಮೊದಲ ದಿನವೇ ತಮ್ಮ ಜನರನ್ನು ತಂದು ಕೂರಿಸುತ್ತಾರೆ. ಇವರು ಯಮಾಟೊ ತಂಡವನ್ನು ಹಾಗೆಯೇ ಉಳಿಸಿಕೊಂಡರು. ಮೊದಲ ಸಿಇಒ ಆಗಿ ಐಬಿಎಂನಿಂದಲೇ ಬಂದ ಸ್ಟೀವ್ ವಾರ್ಡ್ ಅವರನ್ನು ಇಟ್ಟರು. ಚೀನಾದಲ್ಲಿ ಕಂಪನಿ ನಡೆಸುತ್ತಿದ್ದ ಯಾಂಗ್ ಯುವಾನ್‌ಚಿಂಗ್ ಹೆಂಡತಿ ಮಕ್ಕಳ ಜೊತೆ ಅಮೆರಿಕಕ್ಕೆ ಹೋಗಿ ಅಲ್ಲಿ ನೆಲೆಸಿ ಇಂಗ್ಲಿಷ್ ಸುಧಾರಿಸಿಕೊಂಡರು. ಗಡಿನಾಡಿನಲ್ಲಿ ಇದ್ದುಕೊಂಡು ಮನೆಯಲ್ಲೊಂದು, ಅಂಗಡಿಯಲ್ಲೊಂದು, ಪಂಚಾಯತ್ ಆಫೀಸಿನಲ್ಲೊಂದು ಭಾಷೆ ಮಾತಾಡುವ ನಮಗೆ ಆ ಕಷ್ಟ ಏನು ಅಂತ ಹೇಳಿಕೊಡಬೇಕಾಗಿಲ್ಲ. ಮುಂದೆ ಜಗತ್ತಿನ ಆರ್ಥಿಕ ಹಿಂಜರಿತ ಬಂದು ಕಂಪನಿ ನಷ್ಟಕ್ಕೆ ಬಿತ್ತು. 2009ರಲ್ಲಿ ಯಾಂಗ್ ಮತ್ತೆ ಸಿಇಒ ಆದರು, ಲಿಯು ಅಧ್ಯಕ್ಷರಾಗಿ ವಾಪಸ್ ಬಂದರು. ಕೈಯಲ್ಲಿರುವ ಚೀನಾದ ಮಾರ್ಕೆಟ್ಟನ್ನೂ ದೊಡ್ಡ ಕಂಪನಿಗಳ ಆರ್ಡರುಗಳನ್ನೂ ಕಾಯ್ದುಕೊಳ್ಳುವುದು, ಭಾರತದಂಥ ಬೆಳೆಯುವ ಮಾರ್ಕೆಟ್ಟುಗಳಿಗೆ ನುಗ್ಗುವುದು, ಇದು ಅವರ ಲೆಕ್ಕ. 2013ರಲ್ಲಿ ಎಚ್‌ಪಿಯನ್ನು ದಾಟಿ ಜಗತ್ತಿನಲ್ಲೇ ಅತಿ ಹೆಚ್ಚು ಪಿಸಿ ಮಾರುವ ಕಂಪನಿ ಆಯಿತು. 2012ರಲ್ಲಿ ತನಗೆ ಬಂದ ಬೋನಸ್ಸಿನಿಂದ 30 ಲಕ್ಷ ಡಾಲರನ್ನು ಯಾಂಗ್ ಸುಮಾರು 10 ಸಾವಿರ ನೌಕರರಿಗೆ ಹಂಚಿದರು. ಫ್ಯಾಕ್ಟರಿಯವರು, ರಿಸೆಪ್ಷನಿನವರು, ಅಂಥವರಿಗೆ. ಮರು ವರ್ಷವೂ ಹಂಚಿದರು.

ಹಾಗಂತ ಎಲ್ಲ ಸರಿ ಮಾಡಿದರು ಅಂತಲ್ಲ. 2013ರ ಟಿ440ರಲ್ಲಿ ಕೆಂಪು ಗುಂಡಿಯ ಜೊತೆಗಿದ್ದ ಮೂರು ಬಟನ್ ತೆಗೆದು ಹಾಕಿದರು. ಬಳಸುವವರು ಬೈದರು. 2015ರ ಟಿ450ರಲ್ಲಿ ವಾಪಸ್ ತಂದರು. ಬೈಗುಳ ಕೇಳಿಸಿಕೊಂಡು ತಿದ್ದುವ ದೊಡ್ಡ ಕಂಪನಿ ಸಿಗುವುದು ಕಷ್ಟ, ಆ ಮಟ್ಟಿಗೆ ಸೈ. ಆದರೆ 2015ರಲ್ಲೇ ಹೊರಬಂದ ಸೂಪರ್‌ಫಿಶ್ ವಿಷಯ ಹಾಗಲ್ಲ. ಮನೆ ಬಳಕೆಯ ಕೆಲವು ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಕಂಪನಿಯೇ ಮೊದಲೇ ತುಂಬಿಸಿ ಕಳಿಸಿದ್ದ ಜಾಹೀರಾತಿನ ಸಾಫ್ಟ್‌ವೇರು ಅದು, ಬ್ಯಾಂಕಿನ ವೆಬ್‌ಸೈಟಿನಂಥ ಸುರಕ್ಷಿತ ಪುಟಗಳ ನಡುವೆಯೂ ತೂರಿಕೊಳ್ಳುತ್ತಿತ್ತು. ಥಿಂಕ್‌ಪ್ಯಾಡ್‌ಗಳಲ್ಲಿ ಇರಲಿಲ್ಲ. ಆದರೂ ನಾಲ್ಕು ಕಾಸಿನ ಜಾಹೀರಾತಿಗಾಗಿ ಗಿರಾಕಿಯ ನಂಬಿಕೆಯನ್ನು ಅಡವಿಟ್ಟದ್ದು ದೊಡ್ಡ ತಪ್ಪು. ಯಾವ ಹಳೆ ಲ್ಯಾಪ್‌ಟಾಪ್ ತಗೊಂಡರೂ ಇದ್ದದ್ದನ್ನು ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಿಕೊಳ್ಳಿ, ಯಾವ ಕಂಪನಿಯದ್ದಾದರೂ ಸರಿ.

ಅಂಗಡಿಯಲ್ಲಿ ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಕೂಡ ಇದ್ದವು. ಅವೂ ಆಫೀಸುಗಳಿಗೆ ಅಂತ ಮಾಡಿದ ಗಟ್ಟಿ ಸಾಮಾನೇ, ನನ್ನ ಗೆಳೆಯರು ಬಳಸುತ್ತಾರೆ, ದೂರಿಲ್ಲ. ಎಚ್‌ಪಿ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. 2011ರ ಆಗಸ್ಟಿನಲ್ಲಿ ಅವರ ಸಿಇಒ ಲಿಯೊ ಅಪೊಥೆಕರ್, ಪಿಸಿ ವ್ಯವಹಾರವನ್ನೇ ಬೇರೆ ಮಾಡುವ ಯೋಚನೆ ಇದೆ ಅಂತ ಎಲ್ಲರೆದುರು ಹೇಳಿಬಿಟ್ಟರು. ಆಗ ಜಗತ್ತಿನಲ್ಲಿ ಅತಿ ಹೆಚ್ಚು ಪಿಸಿ ಮಾರುತ್ತಿದ್ದ ಕಂಪನಿಯೇ ಅದು! ನಾಳೆ ಇರುತ್ತೀರೋ ಇಲ್ಲವೋ ಅಂತ ಗೊತ್ತಿಲ್ಲದ ಅಂಗಡಿಯಿಂದ ಯಾರು ಸಾಮಾನು ತಗೊಳ್ಳುತ್ತಾರೆ? ಮುಂದಿನ ತಿಂಗಳೇ ಅವರನ್ನು ಇಳಿಸಿದರು. ನಂತರ ಬಂದ ಮೆಗ್ ವಿಟ್ಮನ್ ಆ ಯೋಚನೆಯನ್ನು ಕೈಬಿಟ್ಟರು. ಡೆಲ್‌ನದ್ದು ಬೇರೆ ಕಥೆ. ಆರ್ಡರ್ ಬಂದ ಮೇಲೆ ಜೋಡಿಸುವುದು, ಗೋಡೌನಿನಲ್ಲಿ ಮಾಲು ಇಡದಿರುವುದು, ಡೀಲರೇ ಇಲ್ಲದೆ ನೇರ ಮಾರುವುದು. ಲೆಕ್ಕಕ್ಕೆ ಅದ್ಭುತ. ಆದರೆ ಲ್ಯಾಪ್‌ಟಾಪ್ ಅಂದರೆ ಜನ ಕೈಯಲ್ಲಿ ಹಿಡಿದು, ಕೀ ಒತ್ತಿ ನೋಡಿ ತಗೊಳ್ಳುವ ವಸ್ತು. 2007ರಲ್ಲಿ ಮೈಕೆಲ್ ಡೆಲ್ ಮತ್ತೆ ಸಿಇಒ ಆಗಿ ಬಂದ ವರ್ಷ ಅವರೂ ಅಂಗಡಿಗಳಲ್ಲಿ ಮಾರಲು ಶುರು ಮಾಡಿದರು.

ಬ್ಯಾಟರಿಗೆ ಬರುತ್ತೇನೆ. ಟಿ480ಕ್ಕೆ ಎರಡು ಬ್ಯಾಟರಿ, ಒಂದು ಒಳಗೆ, ಒಂದು ಹಿಂದೆ. ಒಳಗಿನದ್ದು ಯಂತ್ರವನ್ನು ಹಿಡಿದಿಟ್ಟಿರುವಾಗಲೇ ಹಿಂದಿನದ್ದನ್ನು ಎಳೆದು ತೆಗೆದು ಇನ್ನೊಂದು ಹಾಕಬಹುದು, ಶಟ್‌ಡೌನ್ ಮಾಡಬೇಕಾಗಿಲ್ಲ. ಜೂನ್ ಜುಲೈಯಲ್ಲಿ ನಮ್ಮಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲವಲ್ಲ, ಆಗ ಇದರ ಬೆಲೆ ತಿಳಿಯುತ್ತದೆ. ದಪ್ಪದ 72 ವ್ಯಾಟ್-ಅವರ್ ಬ್ಯಾಟರಿ ಹಾಕಿದರೆ ಹಿಂದೆ ಸ್ವಲ್ಪ ಎತ್ತರವಾಗುತ್ತದೆ, ತೂಕವೂ ಹೆಚ್ಚು. ಟೈಪಿಂಗಿಗೆ ಆ ಎತ್ತರ ಒಳ್ಳೆಯದೇ. ಬೇಸರದ ವಿಷಯ ಅಂದರೆ ಮುಂದಿನ ಟಿ490ರಲ್ಲಿ ಈ ತೆಗೆಯುವ ಬ್ಯಾಟರಿಯೂ ಹೋಯಿತು, ಎರಡು ರ‍್ಯಾಮ್ ಸ್ಲಾಟಿನಲ್ಲಿ ಒಂದು ಹೋಗಿ ಬೆಸುಗೆ ಬಂತು. ಸೆಕೆಂಡ್ ಹ್ಯಾಂಡಿನಲ್ಲಿ ಎಲ್ಲರೂ 480 ಕೇಳುವುದು ಅದಕ್ಕೇ. 2024ರ ಟಿ14 ಐದನೇ ತಲೆಮಾರಿನಲ್ಲಿ, ಐಫಿಕ್ಸಿಟ್ ಅನ್ನುವ ರಿಪೇರಿ ಸಂಸ್ಥೆಯ ಸಲಹೆ ತಗೊಂಡು, ಎರಡೂ ಸ್ಲಾಟುಗಳನ್ನು ಮತ್ತೆ ಕೊಟ್ಟಿದ್ದಾರೆ. ನಾಲ್ಕೈದು ವರ್ಷ ಕಳೆದು ಅದು ನಮ್ಮ ಅಂಗಡಿಗಳಿಗೆ ಬಂದಾಗ ನಾನು ಖಂಡಿತ ನೋಡುತ್ತೇನೆ.

ಆಪಲ್ ಯಾಕೆ ಬೇಡ ಅಂತ ಕೇಳುವವರು ಇದ್ದಾರೆ. 1997ರಲ್ಲಿ ಸ್ಟೀವ್ ಜಾಬ್ಸ್ ವಾಪಸ್ ಬಂದು, ಬೇರೆ ಕಂಪನಿಗಳು ಮ್ಯಾಕ್ ಮಾಡುವುದನ್ನು ನಿಲ್ಲಿಸಿ, ಹತ್ತಾರು ಮಾಡೆಲುಗಳನ್ನು ನಾಲ್ಕಕ್ಕೆ ಇಳಿಸಿ ಕಂಪನಿಯನ್ನು ಉಳಿಸಿದರು. ಮುಚ್ಚಿಟ್ಟೇ ಗೆದ್ದ ಕಂಪನಿ ಅದು, ಒಪ್ಪುತ್ತೇನೆ. ಈಗಿನ ಮ್ಯಾಕ್‌ಬುಕ್ ವೇಗಕ್ಕೆ ಟಿ480 ಹತ್ತಿರಕ್ಕೂ ಬರುವುದಿಲ್ಲ. ಆದರೆ ರ‍್ಯಾಮ್, ಎಸ್‌ಎಸ್‌ಡಿ ಎರಡೂ ಬೋರ್ಡಿಗೇ ಬೆಸುಗೆ. ಸರ್ವಿಸ್ ಸೆಂಟರ್ ಪಕ್ಕದಲ್ಲಿ ಇರುವವರಿಗೆ ಅದು ನಡೆಯುತ್ತದೆ, ಬದಿಯಡ್ಕದಲ್ಲಿ ನಡೆಯುವುದಿಲ್ಲ ಮಾರಾಯ್ರೇ.

ವಿಂಡೋಸ್ ವಿಷಯ ಗಮನವಿಟ್ಟು ಓದಿ. ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಮೇಲಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪೂ ಬೇಕು. ಟಿ480ರಲ್ಲಿ 8ನೇ ತಲೆಮಾರಿನದ್ದು ಇದ್ದರೆ ಪಾಸು. ಅದರ ಹಿಂದಿನ ಟಿ470 ಫೇಲು, ನೋಡಲು ಹೆಚ್ಚುಕಡಿಮೆ ಅವಳಿ ಜವಳಿ, ಟೈಪಿಂಗಿನಂಥ ಕೆಲಸಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಒಂದು ಗೆರೆ ಎಳೆದು ಇಷ್ಟು ಒಳ್ಳೆ ಯಂತ್ರಗಳನ್ನು ಹೊರಗೆ ನಿಲ್ಲಿಸಿದ್ದು ನನಗೆ ಒಪ್ಪಿಗೆಯಿಲ್ಲ. ಮಕ್ಕಳ ಓದಿಗೆ ಬೇಕಾದವರು ಟಿ470 ಕಡಿಮೆ ಬೆಲೆಗೆ ತಗೊಂಡು ಲಿನಕ್ಸ್ ಹಾಕಿಸಿಕೊಳ್ಳಬಹುದು. ಕೇರಳದ ಶಾಲೆಗಳಲ್ಲಿ ಹೇಗೂ ಕೈಟ್ ಅನ್ನುವ ಸರ್ಕಾರಿ ಸಂಸ್ಥೆಯವರ ಲಿನಕ್ಸಿನಲ್ಲೇ ಐಟಿ ಪಾಠ, ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಅದು ರೂಢಿ. ಮನೆಯಲ್ಲಿ ಅದೇ ಇದ್ದರೆ ಅಭ್ಯಾಸಕ್ಕೂ ಆಯಿತು.

ಕೊರತೆಗಳು ಇವೆ. ಸ್ಕ್ರೀನಿನ ಬೆಳಕು ಸಾಧಾರಣ, ಹಗಲು ಜಗಲಿಯಲ್ಲಿ ಕೂತರೆ ಕಷ್ಟ. ಬಣ್ಣ ನಂಬುವ ಹಾಗಿಲ್ಲ. ಕುಂಕುಮದ ಕೆಂಪು ಇದರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕಲರ್ ಪ್ರಿಂಟಿಗೆ ಹೋಗುವ ಕೆಲಸಕ್ಕೆ ನಾನು ಎಚ್‌ಡಿಎಂಐಯಲ್ಲಿ ಬೇರೆ ಮಾನಿಟರ್ ಹಾಕಿಕೊಳ್ಳುತ್ತೇನೆ. 1366 ಅಗಲದ ಕಡಿಮೆ ರೆಸಲ್ಯೂಷನ್ನಿನ ಸ್ಕ್ರೀನ್ ಇರುವ ಟಿ480ಗಳೂ ಇವೆ, ಅದನ್ನು ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ. ಸ್ಪೀಕರಿನಲ್ಲಿ ಜೀವ ಇಲ್ಲ. ಇನ್ನೊಂದು ಗಂಭೀರ ವಿಷಯ: ಇದರ ಯುಎಸ್‌ಬಿ-ಸಿ ಕಿಂಡಿಯ ಹಿಂದಿರುವ ಥಂಡರ್‌ಬೋಲ್ಟ್ ಚಿಪ್ಪಿನ ಹಳೆ ಫರ್ಮ್‌ವೇರಿನಲ್ಲಿ, ಅಂದರೆ ಚಿಪ್ಪಿನೊಳಗಿನ ಸಾಫ್ಟ್‌ವೇರಿನಲ್ಲಿ, ದೋಷ ಇತ್ತು, ಬಿಟ್ಟರೆ ದಿನ ಹೋದಂತೆ ಯುಎಸ್‌ಬಿ-ಸಿ ಕೈಕೊಡಬಹುದು, ಚಾರ್ಜಿಂಗೂ ಅದರಲ್ಲೇ. ಲೆನೊವೊ ಅಪ್‌ಡೇಟ್ ಕೊಟ್ಟಿದೆ. ತಗೊಂಡ ದಿನವೇ ಹಾಕಿಸಿ.

ಅಂಗಡಿಗಳಿಗೆ ಈ ಯಂತ್ರಗಳು ಬರುವುದು ಹೆಚ್ಚಾಗಿ ಬೆಂಗಳೂರಿನಂಥ ಊರುಗಳ ಕಂಪನಿಗಳಿಂದ, ಲೀಸ್ ಮುಗಿದ ಮೇಲೆ. ಹಾಗಾಗಿ ದುಡ್ಡು ಕೊಡುವ ಮೊದಲು ಬಯಾಸ್ ಒಳಗೆ ಹೋಗಲು ಬಿಡುತ್ತದೆಯಾ ನೋಡಿ. ಹಿಂದಿನವರು ಹಾಕಿದ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಎಷ್ಟು ಚಂದ ಕಂಡರೂ ವಾಪಸ್ ಕೊಡಿ. ಎರಡೂ ಬ್ಯಾಟರಿಗಳ ರಿಪೋರ್ಟ್ ತೆಗೆಸಿ, ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಅಂತ ಪಕ್ಕಪಕ್ಕ ಇಟ್ಟು ನೋಡಿ. ನೋಟ್‌ಪ್ಯಾಡ್ ತೆರೆದು ಎಲ್ಲ ಕೀ ಒಂದೊಂದೇ ಒತ್ತಿ, ಕನ್ನಡದವರು ಎಫ್ ಕೀಯನ್ನು ಇನ್ನೂ ನಾಲ್ಕು ಸಲ ಒತ್ತಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ನಾನು ಹೋದ ಅಂಗಡಿಯವರು ಆರು ತಿಂಗಳ ವಾರಂಟಿ ಕೊಟ್ಟರು, ಬ್ಯಾಟರಿಗೆ ಮಾತ್ರ ಒಂದು ತಿಂಗಳು. ಸಂಜೆ ಹೊತ್ತಿಗೆ ಅಲ್ಲಿ ಮೊಬೈಲ್ ಗಿರಾಕಿಗಳ ರಶ್ ಜಾಸ್ತಿ. ಬಿಚ್ಚಿ ತೋರಿಸಲು ಅವರಿಗೂ ಪುರುಸೊತ್ತು ಬೇಕು, ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ.